ಎಂಎಸ್‌ಗೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡು ಕಲಬುರಗಿಯಲ್ಲಿ ಬದುಕುವುದು: ನನ್ನ ರಿವ್ಯೂ

ಮೊದಲೇ ಸ್ಟಾರ್ ಕೊಟ್ಟುಬಿಡುತ್ತೇನೆ. ಟ್ರಾನ್ಸ್‌ಪ್ಲಾಂಟ್‌ಗೆ ಐದಕ್ಕೆ ನಾಲ್ಕು. ಅದಾದ ಮೇಲೆ ಆಸ್ಪತ್ರೆ ಕೊಟ್ಟ ಸೇವೆಗೆ ಐದಕ್ಕೆ ಒಂದೂವರೆ, ಅದೂ ವಾರ್ಡಿನ ನರ್ಸುಗಳ ಮುಖ ನೋಡಿ. ಎರಡರ ನಡುವೆ ಇಷ್ಟು ಅಂತರ ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹುಡುಕಿದರೆ "ಸ್ಟೆಮ್ ಸೆಲ್‌ನಿಂದ ಪವಾಡ" ಅನ್ನುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಮಾಡಿಸಿಕೊಂಡು ಮನೆಗೆ ಬಂದು ಬೇಸಿಗೆ ಕಳೆದವರು ದಿನಾ ಹೇಗೆ ಏಳುತ್ತಾರೆ, ಹೇಗೆ ಕೆಲಸಕ್ಕೆ ಹೋಗುತ್ತಾರೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ನಾನು ಕಲಬುರಗಿಯವಳು. ಸರ್ಕಾರಿ ಆಫೀಸಿನಲ್ಲಿ ಎಫ್‌ಡಿಎ ಕೆಲಸ, ವಯಸ್ಸು ನಲವತ್ತರ ಹತ್ತಿರ, ಹೈಸ್ಕೂಲಿಗೆ ಹೋಗುವ ಒಬ್ಬ ಮಗಳು. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮನ್ನು ಕಾಯಬೇಕಾದ ರಕ್ತದ ಕಣಗಳೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಕಿತ್ತು ಹಾಕುವ ಕಾಯಿಲೆ. ಇದು ಲಕ್ವಾ ಅಲ್ಲ, ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ. ನಮ್ಮ ಓಣಿಯಲ್ಲಿ ಇದನ್ನು ಹೇಳಿ ಹೇಳಿ ಬಾಯಿ ನೋಯುತ್ತಿದೆ.

ಶುರುವಾದದ್ದು ಕಣ್ಣಿನಿಂದ. ಒಂದು ಕಣ್ಣು ಹೊರಳಿಸಿದರೆ ನೋವು. ಇಳಕಲ್ ಸೀರೆಯ ಕೆಂಪು ಸೆರಗು ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಬಣ್ಣ ಹೋಗಿ ಮಾಸಲು. ಆಮೇಲೆ ಕಾಲು ಜೋಮು ಹಿಡಿಯುವುದು, ಕತ್ತು ಬಗ್ಗಿಸಿದರೆ ಬೆನ್ನಗುಂಟ ಕರೆಂಟ್ ಹೊಡೆಯುವುದು, ಎಡಗಾಲು ಎಳೆಯುವುದು. ಹೀಗೆ ಕಾಯಿಲೆ ಒಮ್ಮೆಲೇ ಕೆರಳುವುದಕ್ಕೆ ಅಟ್ಯಾಕ್ ಅನ್ನುತ್ತಾರೆ. ಪ್ರತಿ ಅಟ್ಯಾಕಿಗೂ ಮಿಥೈಲ್‌ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್, ದಿನಕ್ಕೆ ಒಂದು ಗ್ರಾಂ, ಡ್ರಿಪ್ಪಿನಲ್ಲಿ. ಮುಖ ಊದುತ್ತದೆ, ನಿದ್ದೆ ಹಾರುತ್ತದೆ, ಅಟ್ಯಾಕ್ ಇಳಿಯುತ್ತದೆ, ಆದರೆ ಪ್ರತಿ ಸಲ ಒಂಚೂರು ಊನ ಉಳಿದೇ ಉಳಿಯುತ್ತದೆ. ಇಂಟರ್ಫೆರಾನ್ ಸೂಜಿ ಹಾಕಿಕೊಂಡೆ, ಮಾತ್ರೆ ನುಂಗಿದೆ, ರಿಟುಕ್ಸಿಮ್ಯಾಬ್ ಡ್ರಿಪ್ಪೂ ಆಯಿತು. ಎಂಆರ್‌ಐನಲ್ಲಿ ಹೊಸ ಕಲೆಗಳು ಬರುತ್ತಲೇ ಇದ್ದವು. ಆಗ ಹೈದರಾಬಾದಿನ ನ್ಯೂರಾಲಜಿ ಡಾಕ್ಟರು ಟ್ರಾನ್ಸ್‌ಪ್ಲಾಂಟ್ ಮಾತು ಎತ್ತಿದರು.

ಇದರಲ್ಲಿ ಕೆಲಸ ಮಾಡುವುದು ಕೀಮೋ, ಸ್ಟೆಮ್ ಸೆಲ್ ಅಲ್ಲ. ಇದು ಮೊದಲು ತಲೆಗೆ ಹೋಗಬೇಕು. ಮೊದಲು ಸೂಜಿ ಕೊಟ್ಟು ಮೂಳೆಮಜ್ಜೆಯ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ರಕ್ತಕ್ಕೆ ಬರಿಸುತ್ತಾರೆ, ಮಷಿನ್ನಿನಲ್ಲಿ ರಕ್ತ ಹಾಯಿಸಿ ಅವನ್ನು ಹಿಡಿದು ಫ್ರೀಜ್ ಮಾಡಿ ಇಡುತ್ತಾರೆ. ಆಮೇಲೆ ಸೈಕ್ಲೋಫಾಸ್ಫಮೈಡ್ ಅನ್ನುವ ಕೀಮೋ, ಜೊತೆಗೆ ಎಟಿಜಿ ಅನ್ನುವ ಇನ್ನೊಂದು ಔಷಧ ಕೊಟ್ಟು, ದಾರಿ ತಪ್ಪಿದ ರಕ್ಷಣಾ ಕಣಗಳನ್ನು ಆದಷ್ಟು ತೊಳೆದು ಹಾಕುತ್ತಾರೆ. ಬರಿದಾದ ಮಜ್ಜೆ ಬೇಗ ಚಿಗುರಲಿ ಅಂತ ನಮ್ಮದೇ ಕೋಶಗಳನ್ನು ವಾಪಸ್ ಹಾಕುತ್ತಾರೆ. ಅಷ್ಟೇ. ಆ ಕೋಶಗಳು ಮೆದುಳಿಗೆ ಹೋಗಿ ನರ ರಿಪೇರಿ ಮಾಡುವುದಿಲ್ಲ. ಹೊಲಕ್ಕೆ ನುಗ್ಗಿದ ದನ ಹೊಡೆದೋಡಿಸಿದ ಹಾಗೆ ಇದು. ತುಳಿಸಿಕೊಂಡ ತೊಗರಿ ಗಿಡ ಒಂದಷ್ಟು ಮತ್ತೆ ಏಳಬಹುದು, ಮೇಯ್ದದ್ದು ಮೇಯ್ದದ್ದೇ.

ಇದು ಗೊತ್ತಿದ್ದು ಹೋದರೆ ಆಮೇಲಿನ ಬದುಕು ಅರ್ಥವಾಗುತ್ತದೆ. ಗೊತ್ತಿಲ್ಲದೆ ಹೋದರೆ ಮನೆಯವರ ನಿರೀಕ್ಷೆ ನಮ್ಮನ್ನು ತಿಂದು ಹಾಕುತ್ತದೆ. ನಮ್ಮ ಅತ್ತೆ ಒಳ್ಳೆಯವರು. ಶರಣಬಸಪ್ಪನ ಗುಡಿಗೂ ಬಂದೇನವಾಜ್ ದರ್ಗಾಕ್ಕೂ ಹರಕೆ ಹೊತ್ತವರು. ನಾನು ಮನೆಗೆ ಬಂದ ಕೆಲವು ವಾರಕ್ಕೇ ಅವರು ಕೇಳಿದ್ದು, "ಇಷ್ಟ್ ರೊಕ್ಕ ಸುರದೀವಿ, ಇನ್ನಾ ಯಾಕ ಕಾಲ ಎಳದ್ ನಡಿಲತ್ತಿ ಯವ್ವಾ?" ಅವರದೇನೂ ತಪ್ಪಿಲ್ಲ. ಆಸ್ಪತ್ರೆಯ ಪಾಂಪ್ಲೆಟ್ಟಿನಲ್ಲಿ ಗಾಲಿಕುರ್ಚಿ ಬಿಟ್ಟು ಎದ್ದು ನಿಂತವರ ಚಿತ್ರ ಹಾಕಿದ್ದರು, ಅದನ್ನು ಅತ್ತೆಯೂ ನೋಡಿದ್ದರು.

ಹಾಗಂತ ಇದು ಮೋಸದ ಚಿಕಿತ್ಸೆ ಅಲ್ಲ. 1995ರ ಸುಮಾರಿಗೆ ಗ್ರೀಸ್ ದೇಶದ ಥೆಸಲೋನಿಕಿಯಲ್ಲಿ ಎಂಎಸ್‌ಗೆ ಇದನ್ನು ಮೊದಲು ಮಾಡಿದರು. 2019ರಲ್ಲಿ ಬಂದ ಮಿಸ್ಟ್ ಅನ್ನುವ ಅಧ್ಯಯನದಲ್ಲಿ 110 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಟ್ರಾನ್ಸ್‌ಪ್ಲಾಂಟ್, ಇನ್ನೊಂದಕ್ಕೆ ಔಷಧ ಕೊಟ್ಟು ನೋಡಿದರು. ಕಾಯಿಲೆ ಮುಂದುವರಿದದ್ದು ಟ್ರಾನ್ಸ್‌ಪ್ಲಾಂಟ್ ಗುಂಪಿನಲ್ಲಿ 3 ಜನಕ್ಕೆ, ಔಷಧದ ಗುಂಪಿನಲ್ಲಿ 34 ಜನಕ್ಕೆ. ಯಾರೂ ಸಾಯಲಿಲ್ಲ. ಅದಕ್ಕೂ ಮೊದಲು, 2015ರಲ್ಲಿ, ಈ ಅಧ್ಯಯನ ಮಾಡಿದ ಷಿಕಾಗೋದ ತಂಡವೇ ಬದುಕಿನ ಗುಣಮಟ್ಟವನ್ನೇ ಅಳೆದು ಬರೆದಿತ್ತು. ನಡೆಯುವುದು, ನೋವು, ಸುಸ್ತು, ಮನಸ್ಸು, ಜನರ ಜೊತೆ ಬೆರೆಯುವುದು ಎಲ್ಲ ಸೇರಿಸಿ ನೂರಕ್ಕೆ ಅಂಕ ಹಾಕುವ ಪ್ರಶ್ನಾವಳಿ ಅದು. ಟ್ರಾನ್ಸ್‌ಪ್ಲಾಂಟಿಗೆ ಮೊದಲು ಸರಾಸರಿ 46 ಇದ್ದದ್ದು ಎರಡು ವರ್ಷದ ಆಸುಪಾಸಿಗೆ 64 ಆಯಿತು. ನನಗೆ ಈ ಅಂಕಿ ಇಷ್ಟ, ಯಾಕೆಂದರೆ ಅದು ಸುಳ್ಳು ಆಸೆ ಹುಟ್ಟಿಸುವುದಿಲ್ಲ. 46ರಿಂದ 64 ಅಂದರೆ ದೊಡ್ಡ ಏರಿಕೆ. ಆದರೆ 64 ಅಂದರೆ 100 ಅಲ್ಲ ಅಲ್ವಾ. ನನ್ನ ಬದುಕು ಈಗ ಸರಿಯಾಗಿ ಆ ನಡುವಿನ ಜಾಗದಲ್ಲಿದೆ.

ಒಳ್ಳೆಯದು ಏನಾಯಿತು ಅಂತ ಮೊದಲು ಹೇಳುತ್ತೇನೆ. ಅಟ್ಯಾಕ್ ನಿಂತಿವೆ. ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸುತ್ತೇನೆ, ಹೊಸ ಕಲೆ ಇಲ್ಲ ಅಂತಲೇ ರಿಪೋರ್ಟ್ ಬರುತ್ತಿದೆ. ಎಂಎಸ್ ಔಷಧ ಯಾವುದೂ ತೆಗೆದುಕೊಳ್ಳುತ್ತಿಲ್ಲ. ಇದರ ಬೆಲೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮೊದಲೆಲ್ಲ ಬೆಳಿಗ್ಗೆ ಕಣ್ಣು ಬಿಡುವ ಮೊದಲು ಹಾಸಿಗೆಯಲ್ಲೇ ಕಾಲ್ಬೆರಳು ಅಲ್ಲಾಡಿಸಿ ನೋಡುತ್ತಿದ್ದೆ, ಇವತ್ತು ಏನು ಹೋಗಿದೆ ಅಂತ. ಮಗಳ ಶಾಲೆಯ ಫೀಸು ಇಡೀ ವರ್ಷದ್ದು ಒಟ್ಟಿಗೆ ಕಟ್ಟಲಾ, ಅರ್ಧ ಇಟ್ಟುಕೊಳ್ಳಲಾ, ನಡುವೆ ಅಟ್ಯಾಕ್ ಬಂದರೆ ದುಡ್ಡು ಬೇಕಾಗುತ್ತದಲ್ಲ ಅಂತ ಲೆಕ್ಕ. ಮದುವೆಗೆ ಬರುತ್ತೇನೆ ಅಂತ ಯಾರಿಗೂ ಮಾತು ಕೊಡುತ್ತಿರಲಿಲ್ಲ. ಈಗ ಕೊಡುತ್ತೇನೆ. ಕೈಯ ಜೋಮು ಸುಮಾರು ಕಡಿಮೆಯಾಗಿದೆ, ಅಕ್ಷರ ಮತ್ತೆ ಓದುವ ಹಾಗಾಗಿದೆ. ನಡೆಯುವ ದೂರ ಸ್ವಲ್ಪ ಜಾಸ್ತಿಯಾಗಿದೆ. ಸೂಪರ್ ಮಾರ್ಕೆಟಿನಲ್ಲಿ ನಿಲ್ಲದೆ ಒಂದು ಸುತ್ತು ಹಾಕಬಲ್ಲೆ, ಚಳಿಗಾಲವಾದರೆ.

ಆ "ಚಳಿಗಾಲವಾದರೆ" ಅನ್ನುವುದರಲ್ಲೇ ಎಲ್ಲ ಇದೆ.

ಹೊದಿಕೆ ಹೋದ ನರ ಬಿಸಿಯಾದರೆ ಸಂದೇಶ ಸರಿಯಾಗಿ ಸಾಗಿಸುವುದಿಲ್ಲ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಕಣ್ಣು ಮಂಜು, ಕಾಲು ಭಾರ. ಇದಕ್ಕೆ ಊಟಾಫ್ ಅಂತ ಹೆಸರು, 1890ರಲ್ಲಿ ಇದನ್ನು ಗುರುತಿಸಿದ ಜರ್ಮನ್ ಕಣ್ಣಿನ ಡಾಕ್ಟರ ಹೆಸರು ಅದು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಜಾಸ್ತಿಯಾದರೆ ಎಂಎಸ್ ಇರಬಹುದು ಅಂತ ಹೇಳುತ್ತಿದ್ದರಂತೆ. ನಮಗೆ ತೊಟ್ಟಿ ಯಾಕೆ, ಏಪ್ರಿಲ್ಲಿನಲ್ಲಿ ಜಗತ್ ಸರ್ಕಲ್ಲಿನಲ್ಲಿ ಆಟೋಗೆ ಕಾದರೆ ಸಾಕು. 43 ಡಿಗ್ರಿ ಬಿಸಿಲಲ್ಲಿ ಆರೋಗ್ಯವಾಗಿರುವವರೇ ತಲೆಗೆ ಟವೆಲ್ ಸುತ್ತಿಕೊಂಡು ಓಡುವ ಊರಿದು. ಟ್ರಾನ್ಸ್‌ಪ್ಲಾಂಟ್ ಹೊಸ ಗಾಯ ಆಗದಂತೆ ನೋಡಿಕೊಳ್ಳುತ್ತದೆ. ಹಳೆಯ ಗಾಯದ ನರಗಳಿಗೆ ಬಿಸಿಲು ಬಿಸಿಲೇ. ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಕಾಲು ಪೂರಾ ಸೋತು ಹೋದಾಗ ಕಾಯಿಲೆ ವಾಪಸ್ ಬಂತು ಅಂತ ಮನೆಯವರೆಲ್ಲ ಹೆದರಿದರು. ತಣ್ಣಗಿನ ಕೋಣೆಯಲ್ಲಿ ಒಂದೆರಡು ತಾಸು ಮಲಗಿದ ಮೇಲೆ ಕಾಲು ಮರಳಿತು. ಹಾಗೆ ಮರಳಿದರೆ ಅದು ಬಿಸಿಯ ಆಟ. ಇಪ್ಪತ್ನಾಲ್ಕು ತಾಸು ದಾಟಿದರೂ, ಜ್ವರ ಇಲ್ಲದಿದ್ದರೂ, ಹೊಸ ಊನ ಹೋಗಲಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಬೇಕು. ಇಷ್ಟು ಸಣ್ಣ ವಿಷಯವನ್ನು ಡಿಸ್ಚಾರ್ಜ್ ಮಾಡುವಾಗ ಯಾರೂ ಹೇಳಿ ಕಳಿಸಲಿಲ್ಲ. ಇಂಥವಕ್ಕೇ ನಾನು ಸ್ಟಾರ್ ಕಡಿತ ಮಾಡಿದ್ದು.

ಬಿಸಿಲಿಗೆ ಕೊಂಡ ಸಾಮಾನಿನ ಬಗ್ಗೆಯೂ ಹೇಳಿಬಿಡುತ್ತೇನೆ, ರಿವ್ಯೂ ಅಂದ ಮೇಲೆ. ಕೂಲರ್ ಮಾರ್ಚ್‌ನಿಂದ ಮೇ ತನಕ ಬಂಗಾರ. ನಮ್ಮ ಕಡೆ ಒಣ ಬಿಸಿಲು, ನೀರು ಬೇಗ ಆರುತ್ತದೆ, ಗಾಳಿ ಚೆನ್ನಾಗಿ ತಂಪಾಗುತ್ತದೆ. ಜೂನ್ ಜುಲೈನಲ್ಲಿ ತೇವ ಏರಿದ ಮೇಲೆ ಅದು ಬರೀ ಸದ್ದು ಮಾಡುವ ಡಬ್ಬಿ. ಆಗ ಏಸಿ ಬೇಕು. ಒಂದೇ ಕೋಣೆಗೆ ಹಾಕಿಸಿದ್ದೇವೆ, ಕರೆಂಟ್ ಬಿಲ್ ನೋಡಿದಾಗಲೇ ಮೈ ತಣ್ಣಗಾಗುತ್ತದೆ. ತಂಪಿನ ಜಾಕೆಟ್ ಎರಡು ತರದ್ದು ಬರುತ್ತವೆ. ಒಂದು ನೀರಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳುವುದು, ಇನ್ನೊಂದು ಐಸ್ ತರದ ಪ್ಯಾಕೆಟ್ ತುಂಬುವುದು. ಕಲಬುರಗಿಗೆ ಅದ್ದಿ ಹಾಕುವುದೇ ಸಾಕು, ಹಗುರ, ಅಗ್ಗ, ಕುಪ್ಪಸದ ಮೇಲೆ ಹಾಕಿ ದುಪಟ್ಟಾ ಹೊದ್ದರೆ ಯಾರಿಗೂ ಕಾಣುವುದಿಲ್ಲ. ಪ್ಯಾಕೆಟ್ಟಿನದು ಭಾರ. ಅದನ್ನು ಹೊತ್ತು ನಡೆಯುವ ಶಕ್ತಿ ಇದ್ದಿದ್ದರೆ ಜಾಕೆಟ್ ಯಾಕೆ ಬೇಕಿತ್ತು? ಏನೂ ಇಲ್ಲದಿದ್ದರೆ ಒದ್ದೆ ಟವೆಲ್ ಕತ್ತಿಗೆ ಸುತ್ತಿಕೊಳ್ಳಿ, ಮುಕ್ಕಾಲು ಪಾಲು ಅದೇ ಕೆಲಸ ಮಾಡುತ್ತದೆ.

ಈಗ ಆಸ್ಪತ್ರೆ. ಹೆಸರು ಹಾಕುವುದಿಲ್ಲ. ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಅಂದುಕೊಳ್ಳಿ. ಬಿಎಂಟಿ ವಾರ್ಡ್, ಅಂದರೆ ಮೂಳೆಮಜ್ಜೆ ಟ್ರಾನ್ಸ್‌ಪ್ಲಾಂಟ್ ವಾರ್ಡ್ ಒಳಗೆ ಇದ್ದಷ್ಟು ದಿನ ಯಾವ ದೂರೂ ಇಲ್ಲ. ಗಾಳಿ ಸೋಸುವ ಕೋಣೆ, ಒಳಗೆ ಬರುವವರು ಪ್ರತಿ ಸಲ ಕೈ ತೊಳೆಯುತ್ತಿದ್ದರು, ದಿನಾ ಬೆಳಿಗ್ಗೆ ರಕ್ತದ ಕೌಂಟ್ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಕೋಶ ಹಾಕಿದ ದಿನ ನರ್ಸುಗಳು ಹ್ಯಾಪಿ ಬರ್ತ್‌ಡೇ ಹಾಡಿದರು. ಫ್ರೀಜ್ ಮಾಡಲು ಬಳಸುವ ರಾಸಾಯನಿಕದಿಂದ ಕೋಣೆಯೆಲ್ಲಾ ಬೆಳ್ಳುಳ್ಳಿ ವಾಸನೆ, ಹೊಟ್ಟೆ ಕೆಟ್ಟಿದ್ದರೂ ನನಗೆ ಮನೆಯ ಬೆಳ್ಳುಳ್ಳಿ ಖಾರ ನೆನಪಾಗಿ ನಗು ಬಂತು. ಎಟಿಜಿ ಹೋಗುವಾಗ ಚಳಿಜ್ವರ ಬಂತು, ಜ್ವರಕ್ಕೆ ಕಾಲುಗಳು ಮರಗಟ್ಟಿದವು, ಕೌಂಟ್ ಏರುವವರೆಗೆ ಬಾಯಿ ತುಂಬಾ ಹುಣ್ಣು. ಕೂದಲು ಹೋಯಿತು. ಇದೆಲ್ಲ ಮೊದಲೇ ಹೇಳಿದ್ದರು, ಹೇಳಿದ ಹಾಗೇ ಆಯಿತು.

ದೂರು ಇರುವುದು ಬಾಗಿಲು ದಾಟಿದ ಮೇಲಿನದಕ್ಕೆ. ಪ್ಯಾಕೇಜ್ ಅಂತ ಹತ್ತು ಲಕ್ಷದ ಮೇಲೆ ಕಟ್ಟಿಸಿಕೊಂಡರು, ಹೊಲ ಮಾರಿದ ದುಡ್ಡು ಅದರಲ್ಲಿ ಸೇರಿದೆ. ಆ ಪ್ಯಾಕೇಜು ಡಿಸ್ಚಾರ್ಜಿಗೆ ಮುಗಿಯುತ್ತದೆ. ಆದರೆ ಅಲ್ಲಿಂದಲೇ ಅಲ್ವಾ ಬದುಕು ಶುರುವಾಗುವುದು? ಕೈಗೆ ಕೊಟ್ಟದ್ದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡು ಹಾಳೆ. ಹಸಿ ತರಕಾರಿ ಬೇಡ, ಜನಸಂದಣಿ ಬೇಡ, ಜ್ವರ ಬಂದರೆ ತಕ್ಷಣ ಬನ್ನಿ. ತಕ್ಷಣ ಅಂದರೆ ಹೇಗೆ ಬರುವುದು? ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ರೈಲಿನಲ್ಲಿ ಬರಬೇಕು. ನಡುರಾತ್ರಿ 101 ಜ್ವರ ಬಂದಾಗ ಅವರ ಹೆಲ್ಪ್‌ಲೈನ್ ನಂಬರ್ ಅಪಾಯಿಂಟ್‌ಮೆಂಟ್ ಬೇಕಾ ಅಂತ ಕೇಳಿತು. ಇಲ್ಲಿನ ಕ್ಯಾಶುವಾಲ್ಟಿಯಲ್ಲಿದ್ದ ಹುಡುಗ ಡಾಕ್ಟರು ಫೈಲ್ ಪೂರ್ತಿ ಓದಿ, ರಕ್ತ ಪರೀಕ್ಷೆಗೆ ಕಳಿಸಿ, ಆಂಟಿಬಯಾಟಿಕ್ ಶುರು ಮಾಡಿದರು. ಅವರಿಗೆ ಯಾರೂ ಸ್ಟಾರ್ ಕೊಡುವುದಿಲ್ಲ, ನಾನು ಕೊಡುತ್ತೇನೆ.

ಹಸಿ ತರಕಾರಿ ಬೇಡ ಅನ್ನುವ ಆ ಒಂದು ಸಾಲು ನಮ್ಮ ಕಡೆಯವರಿಗೆ ಎಷ್ಟು ಕಷ್ಟ ಅಂತ ಬರೆದವರಿಗೆ ಗೊತ್ತಿಲ್ಲ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯ ತಪ್ಪಲು ಇಲ್ಲದೆ ಊಟ ಹೇಗೆ ಇಳಿಯಬೇಕು? ತಿಂಗಳುಗಟ್ಟಲೆ ಬಿಸಿ ರೊಟ್ಟಿ, ಬೇಯಿಸಿದ ಪುಂಡಿ ಪಲ್ಯ, ತೊಗರಿ ಬೇಳೆ, ಕುದಿಸಿ ಆರಿಸಿದ ನೀರು. ಕಾಯಿಲೆಯವರನ್ನು ನೋಡಲು ಬರುವುದು ನಮ್ಮಲ್ಲಿ ಮರ್ಯಾದೆ, ಬರಬೇಡಿ ಅಂದರೆ ಅವಮಾನ. ನಮ್ಮ ಮನೆಯವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆ ಅಲ್ಲೇ ಚಹಾ ಕೊಟ್ಟು ಕಳಿಸಿದರು. ಆ ವರ್ಷ ಜಾತ್ರೆಗೆ ಹೋಗಲಿಲ್ಲ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆಯೂ ಅಳಿಸಿ ಹೋಗಿರುತ್ತದೆ, ಅವನ್ನೂ ಮತ್ತೆ ಹಾಕಿಸಬೇಕು. ಜೀವಂತ ವೈರಸ್ ಇರುವ ದಡಾರದ ಲಸಿಕೆಯಂಥವು ಎರಡು ವರ್ಷದ ಮೇಲೆ, ಡಾಕ್ಟರು ಒಪ್ಪಿದರೆ ಮಾತ್ರ. ಈ ಪಟ್ಟಿಯನ್ನು ನಾನೇ ಬೆನ್ನು ಹತ್ತಿ ಇಸಿದುಕೊಳ್ಳಬೇಕಾಯಿತು.

ಯಾರೂ ಜೋರಾಗಿ ಮಾತಾಡದ ಎರಡು ವಿಷಯ. ಒಂದು, ಮೂತ್ರ. ಬಂತು ಅನ್ನಿಸಿದ ಮೇಲೆ ತಡೆಯಲು ಆಗುವುದಿಲ್ಲ, ಹೋದರೆ ಪೂರ್ತಿ ಖಾಲಿಯಾಗುವುದಿಲ್ಲ. ಟ್ರಾನ್ಸ್‌ಪ್ಲಾಂಟ್ ಇದನ್ನು ನನಗೆ ಒಂಚೂರು ಸುಧಾರಿಸಿತು, ವಾಸಿ ಮಾಡಲಿಲ್ಲ. ನಾನು ನಡೆಯುವ ದೂರಕ್ಕಿಂತ ಇದೇ ನನ್ನ ಊರನ್ನು ಸಣ್ಣದು ಮಾಡಿರುವುದು. ಯಾವ ಅಂಗಡಿಗೆ ಹೋಗಬೇಕು ಅಂತ ನಿರ್ಧರಿಸುವುದು ಸಾಮಾನಿನ ಬೆಲೆಯಿಂದ ಅಲ್ಲ, ಹತ್ತಿರ ಹೆಂಗಸರಿಗೆ ಸರಿಯಾದ ಟಾಯ್ಲೆಟ್ ಇದೆಯಾ ಅನ್ನುವುದರಿಂದ. ಬಹಳಷ್ಟು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಈ ಬಿಸಿಲಲ್ಲಿ ಅದು ಇನ್ನೂ ಕೆಟ್ಟದ್ದು. ಸೋಂಕು ಬರುತ್ತದೆ, ಸೋಂಕಿಗೆ ಜ್ವರ, ಜ್ವರಕ್ಕೆ ಕಾಲು ಸೋಲುತ್ತದೆ. ಯೂರಾಲಜಿ ಡಾಕ್ಟರನ್ನು ನಾಚಿಕೆ ಬಿಟ್ಟು ನೋಡಿ, ಮಾತ್ರೆಗಳಿವೆ, ಸಣ್ಣ ನಳಿಕೆ ಹಾಕಿ ನಾವೇ ಖಾಲಿ ಮಾಡಿಕೊಳ್ಳುವುದನ್ನೂ ಕಲಿಸುತ್ತಾರೆ.

ಎರಡನೆಯದು ಮುಟ್ಟು. ಸೈಕ್ಲೋಫಾಸ್ಫಮೈಡ್ ಅಂಡಾಶಯಕ್ಕೆ ಹೊಡೆತ ಕೊಡುತ್ತದೆ. ವಯಸ್ಸು ಹೆಚ್ಚಾದಷ್ಟೂ ಮುಟ್ಟು ಪೂರ್ತಿ ನಿಲ್ಲುವ ಸಾಧ್ಯತೆ ಹೆಚ್ಚು. ನನಗೆ ನಿಂತಿತು. ಈಗ ಒಳಗಿನಿಂದ ಕುದಿಯುವ ಬಿಸಿ, ಹೊರಗಿನಿಂದ ಕಲಬುರಗಿ ಬಿಸಿ, ನಡುವೆ ಊಟಾಫ್ ಮಹಾಶಯ. ನನಗೆ ಮಗಳಿದ್ದಾಳೆ, ಅಷ್ಟು ದುಃಖ ಆಗಲಿಲ್ಲ. ಆದರೆ ಮದುವೆಯಾಗದ ಹುಡುಗಿಯರಿಗೆ, ಮಕ್ಕಳು ಬೇಕು ಅನ್ನುವವರಿಗೆ, ಕೀಮೋಗೆ ಮೊದಲೇ ಅಂಡಾಣು ಅಥವಾ ಭ್ರೂಣ ತೆಗೆದಿಡುವ ದಾರಿ ಇದೆ. ಗಂಡಸರಿಗೆ ವೀರ್ಯ ತೆಗೆದಿಡುವುದು ಇನ್ನೂ ಸುಲಭ. ಇದನ್ನು ಡಾಕ್ಟರು ಹೇಳಲಿ ಅಂತ ಕಾಯಬೇಡಿ, ಅತ್ತೆ ಮಾವ ಕೋಣೆಯಲ್ಲಿದ್ದಾರೆ ಅಂತ ಕೇಳದೇ ಇರಬೇಡಿ.

ಫಿಸಿಯೋ ಬಗ್ಗೆ ಬರೆಯಲು ಖುಷಿ. ಮೊದಲು ಹೋದ ಕಡೆ ಎಲ್ಲ ರೋಗಕ್ಕೂ ಒಂದೇ ಮದ್ದು, ಮಲಗಿಸಿ ಬಿಸಿ ಪ್ಯಾಕ್ ಇಡುವುದು. ಬಿಸಿ ತಡೆಯದ ಕಾಯಿಲೆಗೆ ಬಿಸಿ ಪ್ಯಾಕ್! ಎದ್ದು ಬಂದೆ. ಆಮೇಲೆ ಸೇಡಂ ರೋಡಿನ ಕಡೆ ಒಬ್ಬ ಹುಡುಗ ಸಿಕ್ಕ, ಒಂದೇ ಕೋಣೆಯ ಸೆಂಟರ್, ಬರುವವರೆಲ್ಲ ಮೊಣಕಾಲು ನೋವು, ಲಕ್ವಾದವರು. ಎಂಎಸ್ ರೋಗಿಯನ್ನು ಅವನು ನೋಡಿದ್ದು ನನ್ನನ್ನೇ ಮೊದಲು. ಆದರೆ ಕೇಳಿಸಿಕೊಳ್ಳುತ್ತಾನೆ. ದಿನಾ ಮೊದಲ ಪ್ರಶ್ನೆ, "ಅಕ್ಕೋರೆ, ಇವತ್ತ ಸುಸ್ತ ಎಷ್ಟ ಅದ? ಹತ್ತರಾಗ ಹೇಳ್ರಿ." ಏಳು ಅಂದರೆ ಬರೀ ಕೂತು ಮಾಡುವ ವ್ಯಾಯಾಮ, ಮೂರು ಅಂದರೆ ಮೆಟ್ಟಿಲು ಹತ್ತಿಸುತ್ತಾನೆ. ಬೇಸಿಗೆಯಲ್ಲಿ ನನಗೋಸ್ಕರ ಬೆಳಿಗ್ಗೆ ಆರೂವರೆಗೇ ಬಾಗಿಲು ತೆಗೆಯುತ್ತಾನೆ, ಫ್ಯಾನ್ ನನ್ನ ಕಡೆ ತಿರುಗಿಸಿ ಇಟ್ಟಿರುತ್ತಾನೆ. ಕಾಯಿಲೆ ನಿಂತ ಮೇಲೆ ಫಿಸಿಯೋ ಮಾಡಿದ್ದು ವ್ಯರ್ಥ ಹೋಗುವುದಿಲ್ಲ, ಇದೇ ನೋಡಿ ದೊಡ್ಡ ವ್ಯತ್ಯಾಸ. ಮೊದಲು ಆರು ತಿಂಗಳು ಕಷ್ಟಪಟ್ಟು ಗಳಿಸಿದ ಬಲವನ್ನು ಒಂದು ಅಟ್ಯಾಕ್ ಒಂದು ವಾರದಲ್ಲಿ ತೆಗೆದುಕೊಂಡು ಹೋಗುತ್ತಿತ್ತು. ಈಗ ಗಳಿಸಿದ್ದು ಕೈಯಲ್ಲಿ ಉಳಿಯುತ್ತದೆ. ಈ ಹುಡುಗನಿಗೆ ಐದಕ್ಕೆ ಐದು.

ಸುಸ್ತು ಮಾತ್ರ ಹಾಗೇ ಇದೆ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಇದು. ಬೆಳಿಗ್ಗೆ ಸ್ನಾನ ಮಾಡಿ ಜಡೆ ಹಾಕಿಕೊಳ್ಳುವಷ್ಟರಲ್ಲಿ ದಿನದ ಅರ್ಧ ಶಕ್ತಿ ಖರ್ಚಾಗಿರುತ್ತದೆ (ಜಡೆ ಅಂದೆನಲ್ಲ, ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ). ಆಫೀಸಿನಲ್ಲಿ ಏಪ್ರಿಲ್ ಮೇ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ಟೈಮಿಂಗ್ ಬರುತ್ತದೆ. ಬಿಸಿಲಿಗೆ ಅಂತ ಸರ್ಕಾರ ಮಾಡುವ ಈ ಬದಲಾವಣೆ ನನ್ನ ನೌಕರಿ ಉಳಿಸಿದೆ ಅಂದರೂ ತಪ್ಪಿಲ್ಲ. ಉಳಿದ ತಿಂಗಳು ಮಧ್ಯಾಹ್ನದ ಮೇಲೆ ಅಂಕಿ ಲೆಕ್ಕದ ಫೈಲ್ ಮುಟ್ಟುವುದಿಲ್ಲ, ಟಪಾಲು, ಸಹಿ ಇಂಥವಷ್ಟೇ. ಜೊತೆಗಿರುವವರು, "ಮೇಡಂ, ನೋಡ್ಲಾಕ ಆರಾಮೇ ಕಾಣ್ತೀರಲ್ಲ" ಅನ್ನುತ್ತಾರೆ. ಕೋಲು ಹಿಡಿದುಕೊಂಡು ಹೋದ ದಿನ ಕುರ್ಚಿ ಕೊಡುತ್ತಾರೆ, ಹಿಡಿಯದ ದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಎಂಎಸ್ ಹೆಸರು ಹಾಕಿಯೇ ಇದೆ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ, ಟ್ರಾನ್ಸ್‌ಪ್ಲಾಂಟ್ ಆಯಿತಲ್ಲ ಇನ್ನು ಯಾಕೆ ಅಂತ ಯಾರಾದರೂ ಕೇಳಿದರೆ ಸುಮ್ನೆ ಬಿಡಬೇಡಿ, ಉಳಿದ ಊನ ಎಷ್ಟು ಅನ್ನುವುದೇ ಲೆಕ್ಕ.

ಮನಸ್ಸಿನ ಬಗ್ಗೆ ಚಿಕ್ಕದಾಗಿ. ಎಲ್ಲ ಮುಗಿದ ಮೇಲೆ, ಎಲ್ಲರೂ ಸಿಹಿ ಹಂಚಿದ ಮೇಲೆ, ನನಗೆ ಅಳು ಶುರುವಾಯಿತು. ವರ್ಷಗಟ್ಟಲೆ ಕಾಯಿಲೆಯ ಜೊತೆ ಗುದ್ದಾಡಿ, ಅದು ನಿಂತ ಮೇಲೆ ಏನು ಮಾಡುವುದು ಅಂತ ತಿಳಿಯದ ಹಾಗಾಯಿತು. ಇದೂ ಈ ದಾರಿಯಲ್ಲಿ ಆಗುವುದೇ ಅಂತ, ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಮೂಲಕ ಪರಿಚಯವಾದ ಇನ್ನೊಬ್ಬ ಅಕ್ಕ ಹೇಳಿದರು. 1985ರಿಂದ ಇರುವ ಸಂಸ್ಥೆ ಅದು, ಬೆಂಗಳೂರಿನಲ್ಲಿ ಶಾಖೆ ಇದೆ. ನಮ್ಮ ಕಡೆಗೂ ಒಂದು ಇದ್ದಿದ್ದರೆ ಅನ್ನಿಸುತ್ತದೆ.

ಎಲ್ಲರೂ ಮಾಡಿಸಬೇಕಾ? ಬೇಡ. ವಯಸ್ಸು ಚಿಕ್ಕದಿರಬೇಕು, ಕಾಯಿಲೆ ಬಂದು ಬಹಳ ವರ್ಷ ಆಗಿರಬಾರದು, ಇನ್ನೂ ನಡೆಯುವಂತಿರಬೇಕು, ಒಳ್ಳೆಯ ಔಷಧ ಕೊಟ್ಟರೂ ಅಟ್ಯಾಕ್ ಬರುತ್ತಿರಬೇಕು, ಎಂಆರ್‌ಐನಲ್ಲಿ ಹೊಸ ಉರಿಯೂತ ಕಾಣಬೇಕು. ಇಂಥವರಿಗೇ ಲಾಭ ಜಾಸ್ತಿ. ಅಟ್ಯಾಕ್ ಇಲ್ಲದೆ ನಿಧಾನಕ್ಕೆ ಜಾರುತ್ತಾ ಹೋಗುವ ತರದ ಎಂಎಸ್‌ಗೆ, ಗಾಲಿಕುರ್ಚಿ ಹಿಡಿದು ವರ್ಷಗಳಾದವರಿಗೆ ಲಾಭ ಬಹಳ ಕಡಿಮೆ, ಅಪಾಯ ಮಾತ್ರ ಹೆಚ್ಚು. 1995ರಿಂದ 2006ರವರೆಗೆ ಮಾಡಿಸಿಕೊಂಡ 281 ಜನರ ಲೆಕ್ಕ 2017ರಲ್ಲಿ ಬಂತು. ಅದರಲ್ಲಿ ಮೊದಲ ನೂರು ದಿನದೊಳಗೆ ತೀರಿಕೊಂಡವರು 8 ಜನ. ಈಗ ಪಳಗಿದ ಕೇಂದ್ರಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆಯಾಗಿದೆ. ಆದರೂ ಸೊನ್ನೆ ಅಲ್ಲ. ಅದೇ ಲೆಕ್ಕದಲ್ಲಿ ಐದು ವರ್ಷದ ನಂತರವೂ ಊನ ಮುಂದುವರಿಯದೆ ಇದ್ದವರು ನೂರಕ್ಕೆ 46. ಆ 281 ಜನರಲ್ಲಿ ತುಂಬಾ ಜನ ತಡವಾಗಿ ಬಂದವರು ಅನ್ನುವುದೂ ನಿಜ. ಇನ್ನೊಂದು ಮಾತು. 2023ರಲ್ಲಿ ಬಂದ ಎಂಎಸ್‌ನ ಮೂರು ಔಷಧಗಳ ಜೊತೆಗಿನ ಒಂದು ದೊಡ್ಡ ಹೋಲಿಕೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಫಿಂಗೋಲಿಮೋಡ್‌ಗಿಂತ ತುಂಬಾ ಮೇಲು, ನಟಾಲಿಜುಮ್ಯಾಬ್‌ಗಿಂತ ಸ್ವಲ್ಪ ಮೇಲು ಅಂತ ಕಂಡಿತು. ಓಕ್ರೆಲಿಜುಮ್ಯಾಬ್ ಜೊತೆಗೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ, ಅದನ್ನು ನೋಡಿದ ಅವಧಿ ಮಾತ್ರ ಚಿಕ್ಕದು. ಅಂದರೆ ಬಲವಾದ ಔಷಧ ಒಂದನ್ನು ಸರಿಯಾಗಿ ಕೊಟ್ಟು ನೋಡದೆ ನೇರವಾಗಿ ಟ್ರಾನ್ಸ್‌ಪ್ಲಾಂಟಿಗೆ ಕರೆಯುವ ಡಾಕ್ಟರಿಗೆ ಎರಡು ಪ್ರಶ್ನೆ ಜಾಸ್ತಿ ಕೇಳಿ.

ಮತ್ತೆ ಆ ಬೆನ್ನಿಗೆ ಸ್ಟೆಮ್ ಸೆಲ್ ಸೂಜಿ ಹಾಕುವವರು. ನನ್ನ ನಂಬರ್ ಎಲ್ಲಿಂದ ಸಿಕ್ಕಿತೋ, ಏಜೆಂಟ್ ಒಬ್ಬ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಕೀಮೋ ಇಲ್ಲ, ಕೂದಲು ಉದುರಲ್ಲ, ಮೂರು ಸೂಜಿಗೆ ನಡೆಯುತ್ತೀರಿ" ಅಂತ. ಅದು ಬೇರೆಯೇ ಸರಕು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ಒಪ್ಪಿಗೆ ಪಡೆದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಟ್ರಾನ್ಸ್‌ಪ್ಲಾಂಟ್ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಗಳೆಲ್ಲ ಪ್ರಯೋಗ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಇಷ್ಟು ಹೇಳಿದ ಮೇಲೆ ಅವನ ಫೋನ್ ಬರುವುದು ನಿಂತಿತು.

ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಕೇಳಿದರೆ, ಸುಸ್ತಿಗೆ ಅರ್ಧ, ಮುಟ್ಟಿಗೆ ಅರ್ಧ. ಮತ್ತೆ ಮಾಡಿಸುತ್ತೀಯಾ ಅಂದರೆ ಹೂಂ, ಇನ್ನೂ ಬೇಗ ಸಾಧ್ಯವಿದ್ದರೆ ಬೇಗ. ಹೋಗುವವರು ಡಿಸ್ಚಾರ್ಜಿಗೆ ಮೊದಲು ಹಟ ಹಿಡಿದು ಇಷ್ಟು ಬರೆಸಿಕೊಳ್ಳಿ: ಜ್ವರ ಬಂದರೆ ಇಲ್ಲಿನ ಡಾಕ್ಟರು ಯಾವ ಆಂಟಿಬಯಾಟಿಕ್ ಶುರು ಮಾಡಬೇಕು, ರಾತ್ರಿ ಫೋನ್ ಎತ್ತುವ ಡಾಕ್ಟರ ನಂಬರ್ ಯಾವುದು, ರಕ್ತ ಹಾಕಬೇಕಾಗಿ ಬಂದರೆ ವಿಕಿರಣ ಹಾಯಿಸಿದ ರಕ್ತವೇ ಬೇಕು ಅನ್ನುವ ಚೀಟಿ, ಲಸಿಕೆ ಪಟ್ಟಿ. ತಾರೀಖು ಆರಿಸಿಕೊಳ್ಳುವ ಅವಕಾಶ ಕೊಟ್ಟರೆ ಮಾರ್ಚ್ ಏಪ್ರಿಲ್‌ನಲ್ಲಿ ಊರಿಗೆ ವಾಪಸ್ ಬರುವ ಹಾಗೆ ಮಾತ್ರ ಇಟ್ಟುಕೊಳ್ಳಬೇಡಿ. ಮಳೆಗಾಲದ ಕೊನೆಗೆ ಸೇರಿಕೊಂಡು ದೀಪಾವಳಿ ಸುಮಾರಿಗೆ ಮನೆಗೆ ಬಂದರೆ, ಬೇಸಿಗೆಗೆ ಮೊದಲು ಕಾಲಿಗೆ ನಾಲ್ಕು ತಿಂಗಳ ಫಿಸಿಯೋ ಬಿದ್ದಿರುತ್ತದೆ.